ಪ್ಲೇಟ್‌ಲೆಟ್ ಬ್ಯಾಗನ್ನು ಐದು ದಿನ ಕಾಯುವುದು ಹೇಗೆ: ಕಾಂಪೊನೆಂಟ್ ರೂಮಿನ ಹೊಸಬರಿಗೆ

ಪ್ಲೇಟ್‌ಲೆಟ್ ಬ್ಯಾಗನ್ನು ಫ್ರಿಜ್‌ನಲ್ಲಿ ಇಡಬೇಡಿ. ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ. ಕೆಂಪು ರಕ್ತದ ಬ್ಯಾಗು 2ರಿಂದ 6 ಡಿಗ್ರಿ ತಂಪಿನಲ್ಲಿ ಇರುತ್ತದೆ. ಪ್ಲಾಸ್ಮಾ, ಅಂದರೆ ರಕ್ತದ ಹಳದಿ ದ್ರವ, ಮೈನಸ್ 30ರ ಕೆಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ರಕ್ತ ಸೋರುವುದನ್ನು ನಿಲ್ಲಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್ ಮಾತ್ರ 20ರಿಂದ 24 ಡಿಗ್ರಿಯಲ್ಲಿ, ಹಗಲು ರಾತ್ರಿ ಮೆಲ್ಲಗೆ ಅಲುಗಾಡುತ್ತಾ ಇರಬೇಕು. ಅಷ್ಟೆಲ್ಲ ನೋಡಿಕೊಂಡರೂ ಅದರ ಆಯಸ್ಸು ಐದೇ ದಿನ.

ನಾನು ದಾವಣಗೆರೆಯ ಒಂದು ಬ್ಲಡ್ ಬ್ಯಾಂಕಿನ ಕಾಂಪೊನೆಂಟ್ ರೂಮಿನಲ್ಲಿ, ಅಂದರೆ ರಕ್ತವನ್ನು ಕೆಂಪು ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡುವ ಕೋಣೆಯಲ್ಲಿ, ಕೆಲಸ ಮಾಡುವವಳು. ಡಿಎಂಎಲ್‌ಟಿ (ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ) ಮುಗಿಸಿ ಹೊಸದಾಗಿ ಡ್ಯೂಟಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲ ವಾರ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ವಾರ್ಡಿನ ಸಿಸ್ಟರ್‌ಗಳಿಗೂ, ಬ್ಯಾಗ್ ಒಯ್ಯಲು ಬರುವ ಪೇಷಂಟ್ ಕಡೆಯವರಿಗೂ ಬೇಕಾದ ಕೆಲವು ಮಾತು ಕೊನೆಯಲ್ಲಿ ಇವೆ. ನಿಮ್ಮ ಕೇಂದ್ರದ ಎಸ್‌ಒಪಿಯಲ್ಲಿ (ಕೆಲಸದ ಲಿಖಿತ ಕ್ರಮದಲ್ಲಿ) ಬೇರೆ ರೀತಿ ಬರೆದಿದ್ದರೆ ಅದನ್ನೇ ಪಾಲಿಸಿ. ನಾನು ಹೇಳುವುದು ಆ ಎಸ್‌ಒಪಿಯ ಹಿಂದಿನ ಕಾರಣ.

ತಂಪು ಯಾಕೆ ಆಗಲ್ಲ

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹಾಲು, ಮಾಂಸ, ಲಸಿಕೆ, ಇನ್ಸುಲಿನ್ ಎಲ್ಲವೂ ತಂಪಿನಲ್ಲಿ ಉಳಿಯುತ್ತವೆ. ಇದಕ್ಕೇನು ಬಂತು?

ಮೊದಲು ಎಲ್ಲ ಕಡೆ ತಂಪಿನಲ್ಲೇ ಇಡುತ್ತಿದ್ದರು. 1969ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ ಎಂಬ ಇಬ್ಬರು ವೈದ್ಯರು ಎರಡನ್ನೂ ಹೋಲಿಸಿ ನೋಡಿದರು. ಫ್ರಿಜ್‌ನಲ್ಲಿಟ್ಟ ಪ್ಲೇಟ್‌ಲೆಟ್‌ಗಳು ಮೈಗೆ ಹೋದ ಮೇಲೆ ಬೇಗ ಮಾಯವಾಗುತ್ತಿದ್ದವು. ಕೋಣೆಯ ತಾಪದಲ್ಲಿ ಇಟ್ಟವು ದಿನಗಟ್ಟಲೆ ಉಳಿಯುತ್ತಿದ್ದವು. ನಾವು ಇವತ್ತು 22 ಡಿಗ್ರಿ ಅಂತ ಡಯಲ್ ತಿರುಗಿಸುವುದರ ಬೇರು ಅಲ್ಲಿದೆ.

ಕಾರಣ ಆಮೇಲೆ ಗೊತ್ತಾಯಿತು. ಆರೋಗ್ಯವಾಗಿರುವ ಪ್ಲೇಟ್‌ಲೆಟ್ ಚಪ್ಪಟೆ ಬಿಲ್ಲೆಯ ಆಕಾರದಲ್ಲಿರುತ್ತದೆ. ಚಳಿ ತಾಗಿದರೆ ಅದು ಗುಂಡಗಾಗುತ್ತದೆ, ಮೈಮೇಲೆ ಮುಳ್ಳು ಏಳುತ್ತದೆ. ಹೊರಪದರದಲ್ಲಿರುವ ಕೆಲವು ಪ್ರೋಟೀನುಗಳು ಒಂದೇ ಕಡೆ ಗುಂಪುಗೂಡುತ್ತವೆ. ಅಂಥ ಕಣ ಪೇಷಂಟ್‌ನ ರಕ್ತಕ್ಕೆ ಬಂದ ತಕ್ಷಣ ಲಿವರ್ ಅದನ್ನು ಹಿಡಿದು ಹೊರಹಾಕುತ್ತದೆ. ಮತ್ತೆ ಬೆಚ್ಚಗೆ ಮಾಡಿದರೆ ಸರಿಹೋಗುತ್ತದಾ ಅಂದರೆ, ಹೋಗುವುದಿಲ್ಲ. ಒಮ್ಮೆ ಚೆನ್ನಾಗಿ ತಣ್ಣಗಾದ ಬ್ಯಾಗನ್ನು ಅಜಿಟೇಟರ್ (ಬ್ಯಾಗುಗಳನ್ನು ಅಲುಗಾಡಿಸುವ ಮೆಷಿನ್) ಮೇಲೆ ವಾಪಸ್ ಇಟ್ಟು ಏನೂ ಪ್ರಯೋಜನವಿಲ್ಲ.

ಇಲ್ಲೊಂದು ಸಣ್ಣ ತಕರಾರು ಇದೆ, ಓದಿಕೊಂಡಿರುವ ಹುಡುಗರು ಎತ್ತುತ್ತಾರೆ. ಅಮೆರಿಕದಲ್ಲಿ 2023ರಿಂದ ತಂಪಿನಲ್ಲಿಟ್ಟ ಪ್ಲೇಟ್‌ಲೆಟ್ ಅನ್ನು 14 ದಿನದವರೆಗೆ ಬಳಸಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದಾರಿ ಮಾಡಿಕೊಟ್ಟಿದೆಯಲ್ಲ, ಮೇಡಂ ಅಂತ. ನಿಜ. ಆದರೆ ಅದು ಆಗಲೇ ರಕ್ತ ಸುರಿಯುತ್ತಿರುವ ಪೇಷಂಟ್‌ಗೆ, ಮಾಮೂಲಿ ಪ್ಲೇಟ್‌ಲೆಟ್ ಸಿಗದಾಗ. ಆ ಕ್ಷಣಕ್ಕೆ ರಕ್ತ ನಿಲ್ಲಿಸಿದರೆ ಸಾಕು, ಮೈಯಲ್ಲಿ ಎಷ್ಟು ಹೊತ್ತು ಉಳಿದೀತು ಅನ್ನುವುದು ಮುಖ್ಯವಲ್ಲ. ಕೀಮೋ ತಗೊಂಡ ಮಗುವಿಗೆ ನಾಲ್ಕಾರು ದಿನ ರಕ್ಷಣೆ ಬೇಕು. ಅದಕ್ಕೆ 22 ಡಿಗ್ರಿಯದೇ ಬೇಕು. ಅಲ್ಲದೆ ಅವರದು ಬೇರೆ ವ್ಯವಸ್ಥೆ. ಇಲ್ಲಿ ನಾವು ಸುಮ್ನೆ ನಮ್ಮ ಇಷ್ಟಕ್ಕೆ ಫ್ರಿಜ್‌ಗೆ ಹಾಕುವುದು ಬೇರೆ.

ಅಲುಗಾಟ ಯಾಕೆ

ಬ್ಯಾಗಿನೊಳಗೆ ಇರುವುದು ಜೀವ ಇರುವ ಕಣಗಳು. ಅವು ಪ್ಲಾಸ್ಮಾದಲ್ಲಿರುವ ಗ್ಲುಕೋಸ್ ತಿನ್ನುತ್ತವೆ, ಆಕ್ಸಿಜನ್ ತಗೊಳ್ಳುತ್ತವೆ, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಈ ಗಾಳಿಯ ಓಡಾಟ ಆಗುವುದು ಬ್ಯಾಗಿನ ಪ್ಲಾಸ್ಟಿಕ್ ಮೂಲಕವೇ. ಟ್ರಿಪಲ್ ಬ್ಯಾಗ್ ಸೆಟ್ಟಿನಲ್ಲಿ ಪ್ಲೇಟ್‌ಲೆಟ್‌ಗೆಂದು ಇರುವ ಚಿಕ್ಕ ಬ್ಯಾಗಿನ ಪ್ಲಾಸ್ಟಿಕ್ಕೇ ಬೇರೆ ಜಾತಿ, ಅದರಲ್ಲಿ ಗಾಳಿ ಹೆಚ್ಚು ಹಾಯುತ್ತದೆ. ಅದಕ್ಕೇ ಯಾವ ಬ್ಯಾಗಿಗೆ ಏನು ತುಂಬಬೇಕು ಅನ್ನುವುದನ್ನು ಅದಲುಬದಲು ಮಾಡುವಂತಿಲ್ಲ.

ಅಲುಗಾಟ ನಿಂತರೆ ಕಣಗಳು ತಳಕ್ಕೆ ಇಳಿದು ಒಂದರ ಮೇಲೊಂದು ಕೂರುತ್ತವೆ. ಒಳಗಿನವಕ್ಕೆ ಆಕ್ಸಿಜನ್ ತಲುಪುವುದಿಲ್ಲ. ಆಗ ಅವು ಆಕ್ಸಿಜನ್ ಇಲ್ಲದೆಯೇ ಗ್ಲುಕೋಸ್ ಒಡೆಯಲು ಶುರುಮಾಡುತ್ತವೆ, ಲ್ಯಾಕ್ಟಿಕ್ ಆಸಿಡ್ ಜಾಸ್ತಿಯಾಗುತ್ತದೆ, ಪಿಎಚ್ ಇಳಿಯುತ್ತದೆ, ಅಂದರೆ ಹುಳಿ ಹೆಚ್ಚುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಐದನೇ ದಿನದ ಕೊನೆಗೂ ಪಿಎಚ್ 6ಕ್ಕಿಂತ ಕೆಳಗೆ ಇರಬಾರದು. ಅದಕ್ಕಿಂತ ಇಳಿದ ಬ್ಯಾಗಿನ ಕಣಗಳು ಎಣಿಕೆಗೆ ಸಿಗುತ್ತವೆ, ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಯಾವ ಗೊಂದಲ ಬಂದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. 22ರ ಆಸುಪಾಸು ಇದೆಯಾ? ಅಲುಗಾಡುತ್ತಿದೆಯಾ? ಉಸಿರಾಡಲು ಜಾಗ ಇದೆಯಾ? ಮುಂದೆ ನಾನು ಹೇಳುವುದೆಲ್ಲ ಈ ಮೂರರ ವಿವರವೇ.

ಕೆಲಸ ಕ್ಯಾಂಪಿನಲ್ಲೇ ಶುರು

ಕೆಟ್ಟ ಬ್ಯಾಗನ್ನು ಅಜಿಟೇಟರ್ ಒಳ್ಳೆಯದು ಮಾಡುವುದಿಲ್ಲ. ಆದ್ದರಿಂದ ಹರಿಹರದ ಕಾಲೇಜಿನಲ್ಲೋ ಚನ್ನಗಿರಿಯ ಸಮುದಾಯ ಭವನದಲ್ಲೋ ರಕ್ತದಾನ ಕ್ಯಾಂಪ್ ಇದ್ದಾಗ ನಾಲ್ಕು ವಿಷಯ ಅಲ್ಲೇ ನೋಡಿ.

ಮೊದಲನೆಯದು ಮಾತ್ರೆ. ಆಸ್ಪಿರಿನ್ ನುಂಗಿದವರ ಪ್ಲೇಟ್‌ಲೆಟ್ ಅಂಟುವ ಗುಣ ಕಳೆದುಕೊಂಡಿರುತ್ತದೆ, ಮತ್ತು ಆ ಕಣ ಸಾಯುವವರೆಗೂ ಅದು ಹಿಂದಿರುಗುವುದಿಲ್ಲ. ಮೂರು ದಿನದೊಳಗೆ ತಗೊಂಡಿದ್ದರೆ ಅವರ ರಕ್ತದಿಂದ ಪ್ಲೇಟ್‌ಲೆಟ್ ತೆಗೆಯಬೇಡಿ. ಕೆಂಪು ರಕ್ತಕ್ಕೆ ತೊಂದರೆಯಿಲ್ಲ, ಬ್ಯಾಗಿನ ಮೇಲೆ ಗುರುತು ಹಾಕಿ ಕಳಿಸಿ. ಆದರೆ ಕೇಳುವ ರೀತಿ ಇದೆ. "ಏನಾದ್ರೂ ಔಷಧಿ ತಗೊಳ್ತೀರಾ?" ಅಂದರೆ ಎಲ್ಲರೂ ಇಲ್ಲ ಅಂತಾರೆ. "ಈ ವಾರ ತಲೆನೋವಿಗೆ, ಮೈಕೈ ನೋವಿಗೆ ಮೆಡಿಕಲ್‌ನಿಂದ ಏನಾದ್ರೂ ತಂದು ನುಂಗಿದ್ರಾ?" ಅಂತ ಕೇಳಿ. ಆಗ ಡಿಸ್ಪ್ರಿನ್ ಹೊರಬರುತ್ತದೆ, ಅದೂ ಆಸ್ಪಿರಿನ್ನೇ.

ಎರಡನೆಯದು ತೋಳು. ಇದರ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಕೆಂಪು ರಕ್ತ ತಂಪಿನಲ್ಲಿರುವುದರಿಂದ ಅದರಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯಲು ಒದ್ದಾಡುತ್ತದೆ. ಪ್ಲೇಟ್‌ಲೆಟ್ ಬ್ಯಾಗು ಮಾತ್ರ 22 ಡಿಗ್ರಿ, ಸಕ್ಕರೆ, ಪ್ರೋಟೀನು, ಆಕ್ಸಿಜನ್ ಎಲ್ಲ ಇಟ್ಟುಕೊಂಡು ಬ್ಯಾಕ್ಟೀರಿಯಾಕ್ಕೆ ಊಟ ಬಡಿಸುತ್ತದೆ. ಅವು ಹೆಚ್ಚಾಗಿ ಬರುವುದು ದಾನಿಯ ಚರ್ಮದಿಂದಲೇ. ಐದು ದಿನದ ಗಡಿ ಇಟ್ಟಿರುವುದೂ ಮುಖ್ಯವಾಗಿ ಈ ಭಯಕ್ಕೆ. ಸ್ಪಿರಿಟ್, ಅಯೋಡಿನ್ ಹಚ್ಚಿದ ಮೇಲೆ ಅದು ತಾನಾಗಿ ಒಣಗಬೇಕು. ಊದಬೇಡಿ, ಹತ್ತಿಯಿಂದ ಒರೆಸಬೇಡಿ. ನರ ಎಲ್ಲಿದೆ ಅಂತ ಮತ್ತೆ ಬೆರಳಿಟ್ಟು ನೋಡಿದರೆ ಮತ್ತೆ ಮೊದಲಿಂದ ಶುರು. ಡೈವರ್ಷನ್ ಪೌಚ್ ಇರುವ ಬ್ಯಾಗಾದರೆ ಮೊದಲ 20ರಿಂದ 30 ಎಂಎಲ್ ಆ ಪೌಚಿಗೆ ಹೋಗಲಿ. ಸೂಜಿ ಕೊರೆದುಕೊಂಡು ಬಂದ ಚರ್ಮದ ಚೂರು ಅದರಲ್ಲೇ ಉಳಿಯುತ್ತದೆ. ಟೆಸ್ಟಿಗೆ ಬೇಕಾದ ಸ್ಯಾಂಪಲ್ಲೂ ಅದರಿಂದಲೇ ಸಿಗುತ್ತದೆ.

ಮೂರನೆಯದು ರಕ್ತ ಹರಿಯುವ ವೇಗ. ಒಂದೇ ಚುಚ್ಚಿನಲ್ಲಿ, ಸರಾಗವಾಗಿ ಬಂದಿರಬೇಕು. ಸೂಜಿ ಅಲ್ಲಾಡಿಸಿ, ನಿಂತು ನಿಂತು ಬಂದ ರಕ್ತದಲ್ಲಿ ಹೆಪ್ಪುಗಟ್ಟುವ ಕೆಲಸ ಆಗಲೇ ಶುರುವಾಗಿರುತ್ತದೆ. 12 ನಿಮಿಷ ದಾಟಿದ ಬ್ಯಾಗಿನಿಂದ ನಾವು ಪ್ಲೇಟ್‌ಲೆಟ್ ತೆಗೆಯುವುದಿಲ್ಲ.

ನಾಲ್ಕನೆಯದು ಪೆಟ್ಟಿಗೆ. ಪ್ಲೇಟ್‌ಲೆಟ್ ತೆಗೆಯಬೇಕಾದ ಬ್ಯಾಗು ಐಸ್ ಪೆಟ್ಟಿಗೆಗೆ ಹೋಗಬಾರದು. ಅದಕ್ಕೆ ಬೇರೆ ಪೆಟ್ಟಿಗೆ, ಅದರಲ್ಲಿ 22 ಡಿಗ್ರಿಯ ಕೋಣೆಯಲ್ಲಿ ಹಿಂದಿನ ದಿನವೇ ಇಟ್ಟ ಜೆಲ್ ಪ್ಯಾಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಗೊತ್ತಲ್ಲ, ವ್ಯಾನಿನ ಹಿಂದಿನ ಸೀಟಿನಲ್ಲಿ ಬ್ಯಾಗು ಬೆಂದೇಹೋಗುತ್ತದೆ. ಪಾಪ, ಒಳ್ಳೆಯ ಮನಸ್ಸಿನಿಂದ ಕ್ಯಾಂಪ್ ನಡೆಸುವವರು ಐಸ್ ಗಡ್ಡೆ ತಂದು "ಹಾಕ್ಕೊಳ್ಳಿ ಮೇಡಂ" ಅಂತಾರೆ. ಕೆಂಪು ರಕ್ತಕ್ಕಷ್ಟೇ ಹೋಗುವ ಬ್ಯಾಗುಗಳ ಪೆಟ್ಟಿಗೆ ತೋರಿಸಿ. ತೆಗೆದ 6 ಗಂಟೆಯೊಳಗೆ ಬ್ಯಾಗು ಸೆಂಟ್ರಿಫ್ಯೂಜಿನಲ್ಲಿ (ತಿರುಗಿಸಿ ಕಣ ಬೇರೆ ಮಾಡುವ ಮೆಷಿನ್ನಿನಲ್ಲಿ) ಇರಬೇಕು. ಹಾಗಾಗಿ ಕ್ಯಾಂಪಿನ ಊಟ, ಸನ್ಮಾನ ಎಲ್ಲ ಮುಗಿಯುವವರೆಗೆ ಕಾಯದೆ ಮೊದಲ ಕಂತನ್ನು ಮಧ್ಯಾಹ್ನವೇ ಕಳಿಸಿಬಿಡಿ.

ತಿರುಗಿಸಿ, ಬೇರೆ ಮಾಡಿ, ಮಲಗಿಸಿ

ನಮ್ಮಲ್ಲಿ ಪಿಆರ್‌ಪಿ ವಿಧಾನ, ಅಂದರೆ ಮೊದಲು ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಬೇರೆ ಮಾಡುವುದು. ಮೊದಲು ನಿಧಾನ ತಿರುಗಿಸುವುದು. ಕೆಂಪು ಕಣ ಕೆಳಗೆ ಇಳಿಯುತ್ತದೆ, ಪ್ಲೇಟ್‌ಲೆಟ್ ಇರುವ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಅದನ್ನು ಎಕ್ಸ್‌ಪ್ರೆಸರ್‌ನಲ್ಲಿ ಒತ್ತಿ ಪಕ್ಕದ ಬ್ಯಾಗಿಗೆ ಕಳಿಸುತ್ತೇವೆ. ಆಮೇಲೆ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ತಳದಲ್ಲಿ ಬಿಲ್ಲೆಯಾಗಿ ಕೂರುತ್ತದೆ. 50ರಿಂದ 70 ಎಂಎಲ್ ಪ್ಲಾಸ್ಮಾ ಅದರ ಮೇಲೆ ಬಿಟ್ಟು ಉಳಿದದ್ದನ್ನು ತೆಗೆಯಬೇಕು. ಸ್ಪೀಡು, ನಿಮಿಷ ಇವು ಒಂದೊಂದು ಮೆಷಿನ್ನಿಗೆ ಒಂದೊಂದು ಥರ, ಗೋಡೆಗೆ ಅಂಟಿಸಿರುವ ಚಾರ್ಟ್ ನೋಡಿ. ಸೆಂಟ್ರಿಫ್ಯೂಜೂ 22 ಡಿಗ್ರಿಯಲ್ಲಿ ಇರಬೇಕು. ಬೆಳಿಗ್ಗೆ ಯಾರೋ ಬೇರೆ ಕೆಲಸಕ್ಕೆ 4 ಡಿಗ್ರಿಗೆ ಇಳಿಸಿರುತ್ತಾರೆ, ನೋಡದೆ ಬ್ಯಾಗ್ ಹಾಕಬೇಡಿ.

ಪ್ಲಾಸ್ಮಾ ಜಾಸ್ತಿ ಸಿಗಲಿ ಅಂತ ಪ್ಲೇಟ್‌ಲೆಟ್ ಬ್ಯಾಗಿನಲ್ಲಿ 30, 35 ಎಂಎಲ್ ಮಾತ್ರ ಬಿಡುವ ಚಾಳಿ ಕೆಲವರಿಗೆ ಇದೆ. ತಪ್ಪು. ಪಿಎಚ್ ಇಳಿಯದಂತೆ ತಡೆಯುವುದೇ ಆ ಪ್ಲಾಸ್ಮಾ. ಕಡಿಮೆ ಪ್ಲಾಸ್ಮಾದಲ್ಲಿ ಕಣಗಳು ಕಿಕ್ಕಿರಿದರೆ ಮೂರನೇ ದಿನಕ್ಕೇ ಬ್ಯಾಗು ಹೋಯಿತು.

ಈಗ ಬರುವುದು ಹೊಸಬರು ಹೆಚ್ಚು ಅವಸರಪಡುವ ಜಾಗ. ಜೋರು ತಿರುಗಾಟದ ಹೊಡೆತಕ್ಕೆ ಕಣಗಳು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಆ ಬ್ಯಾಗನ್ನು ಲೇಬಲ್ ಇರುವ ಬದಿ ಕೆಳಗೆ ಮಾಡಿ ಒಂದು ಗಂಟೆ ಮುಟ್ಟದೆ ಮಲಗಿಸಿಡಿ. ಆ ಒಂದು ಗಂಟೆಯಲ್ಲಿ ಅವು ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಕೈಯಲ್ಲಿ ಹಿಸುಕಿ ಬಿಡಿಸಲು ಹೋದರೆ, ಅಥವಾ ನೇರ ಅಜಿಟೇಟರ್‌ಗೆ ಏರಿಸಿದರೆ, ಬಿಳಿ ಬಿಳಿ ಗಂಟುಗಳಾಗುತ್ತವೆ, ಮತ್ತೆ ಕರಗುವುದಿಲ್ಲ. ಅಲುಗಾಟ ಬೇಕು ಅಂತ ಇಷ್ಟು ಹೊತ್ತು ಹೇಳಿ ಈಗ ಅಲುಗಾಡಿಸಬೇಡಿ ಅಂತೀನಲ್ಲ ಅನ್ನಿಸಬಹುದು. ಇದೊಂದು ಗಂಟೆ ಮಾತ್ರ ಹಾಗೆ.

350 ಎಂಎಲ್ ರಕ್ತದಿಂದ ಮಾಡಿದ ಬ್ಯಾಗಿನಲ್ಲಿ 3,500 ಕೋಟಿ ಕಣವಾದರೂ ಇರಬೇಕು, 450ರದ್ದಾದರೆ 4,500 ಕೋಟಿ. ಮೆಷಿನ್ನಿಗೆ ದಾನಿಯನ್ನು ಕೂರಿಸಿ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದದ್ದನ್ನು ವಾಪಸ್ ಕೊಡುವ ಎಸ್‌ಡಿಪಿ ಬ್ಯಾಗಿನಲ್ಲಿ 30,000 ಕೋಟಿ. ಅಂದರೆ ಒಂದು ಎಸ್‌ಡಿಪಿ ಸುಮಾರು ಆರು ಚಿಕ್ಕ ಬ್ಯಾಗಿಗೆ ಸಮ. ಇಡುವ ಕ್ರಮದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಅದೇ 22, ಅದೇ ಅಲುಗಾಟ, ಅದೇ ಐದು ದಿನ.

ಅಜಿಟೇಟರ್ ಮೇಲೆ

ಬ್ಯಾಗುಗಳು ಒಂದರ ಪಕ್ಕ ಒಂದು, ಒಂದೇ ಪದರದಲ್ಲಿ. ಡೆಂಗ್ಯೂ ಕಾಲದಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಪೇರಿಸಿಡುವುದನ್ನು ನೋಡಿದ್ದೇನೆ. ಕೆಳಗಿನ ಬ್ಯಾಗಿಗೆ ಮೇಲಿನದೇ ಮುಚ್ಚಳವಾಗುತ್ತದೆ. ಹಾಗೆಯೇ ಬ್ಯಾಗಿನ ಮೈತುಂಬ ಸ್ಟಿಕರ್ ಅಂಟಿಸಬೇಡಿ. ಗುಂಪು, ಯೂನಿಟ್ ನಂಬರು, ತೆಗೆದ ದಿನ, ಮುಗಿಯುವ ದಿನ, ಇವೆಲ್ಲ ಒಂದೇ ಲೇಬಲ್‌ನಲ್ಲಿ ಬರಬೇಕು. "ರಿಸರ್ವ್" ಅಂತ ಇನ್ನೊಂದು ಚೀಟಿ ಬೇಕಿದ್ದರೆ ಟ್ಯೂಬಿಗೆ ಕಟ್ಟಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡುವುದಂತೂ ಬೇಡವೇ ಬೇಡ. ಟ್ಯೂಬು ಬ್ಯಾಗಿನ ಕೆಳಗೆ ಮಡಚಿ ಸಿಕ್ಕಿಕೊಳ್ಳದಂತೆ ನೋಡಿ.

ಟೆಸ್ಟ್ ಮುಗಿಯದ ಬ್ಯಾಗುಗಳಿಗೆ ಬೇರೆ ತಟ್ಟೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಐದೂ ನೆಗೆಟಿವ್ ಅಂತ ಬರುವವರೆಗೆ ಅವು ಅಲ್ಲೇ ಇರಲಿ. ನಮ್ಮಲ್ಲಿ ಆ ತಟ್ಟೆಯ ಅಂಚಿಗೆ ಕೆಂಪು ಟೇಪು ಸುತ್ತಿದ್ದೇವೆ. ರಾತ್ರಿ ಎರಡು ಗಂಟೆಗೆ ಯಾರೋ ಬಾಗಿಲು ಬಡಿದು ಅಳುತ್ತಾ ನಿಂತಾಗ ತಲೆ ಓಡದಿದ್ದರೂ ಕಣ್ಣಿಗೆ ಟೇಪು ಕಾಣುತ್ತದೆ.

ಪ್ರತಿ ಶಿಫ್ಟಿನಲ್ಲಿ ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. ತಟ್ಟೆ 60ರಿಂದ 70 ಸಲ ಓಡಾಡಬೇಕು. ಮೋಟಾರ್ ಹಳೆಯದಾದ ಹಾಗೆ ವೇಗ ಇಳಿಯುತ್ತದೆ, ದೀಪ ಮಾತ್ರ ಹಸಿರೇ ಇರುತ್ತದೆ. ತಾಪವನ್ನು ನಾಲ್ಕು ಗಂಟೆಗೊಮ್ಮೆ ಬರೆಯಿರಿ. ಡಿಸ್‌ಪ್ಲೇ ನೋಡಿ ಬರೆದರೆ ಸಾಲದು, ಒಳಗಿಟ್ಟಿರುವ ಬೇರೆ ಥರ್ಮಾಮೀಟರನ್ನೂ ಓದಿ. ಎರಡರ ನಡುವೆ ಒಂದು ಡಿಗ್ರಿಗಿಂತ ಜಾಸ್ತಿ ಅಂತರ ಕಂಡರೆ ಬಯೋಮೆಡಿಕಲ್ ಎಂಜಿನಿಯರ್‌ಗೆ ಆಗಲೇ ಫೋನ್ ಮಾಡಿ, ಬೆಳಿಗ್ಗೆಗೆ ಬಿಡಬೇಡಿ. ಡ್ಯೂಟಿ ಮುಗಿಯುವ ಹೊತ್ತಿಗೆ ಕೂತು ಎಲ್ಲ ಸಾಲಿನಲ್ಲೂ 22, 22, 22 ಅಂತ ತುಂಬುವ ರಿಜಿಸ್ಟರ್ ನೋಡಿದರೆ ನನಗೆ ಮೈ ಉರಿಯುತ್ತದೆ. ಇಡೀ ದಿನ 22.0 ತೋರಿಸುವ ಮೆಷಿನ್ ಲೋಕದಲ್ಲಿ ಇಲ್ಲ.

ಕರೆಂಟ್ ಹೋದಾಗ

ಜನರೇಟರ್ ಬರುವವರೆಗಿನ ಹೊತ್ತಿಗೆ ಯುಪಿಎಸ್ ಇರಬೇಕು. ಇದ್ದರೂ ಎರಡು ಬೇರೆ ತಂತಿಗಳನ್ನು ನೋಡಿ ಇಟ್ಟುಕೊಳ್ಳಿ. ಹಲವು ಮಾದರಿಗಳಲ್ಲಿ ತಾಪ ಕಾಯುವ ಇನ್‌ಕ್ಯುಬೇಟರ್‌ಗೆ ಒಂದು ಪ್ಲಗ್ಗು, ಒಳಗೆ ಅಲುಗಾಡುವ ಅಜಿಟೇಟರ್‌ಗೆ ಇನ್ನೊಂದು. ಕರೆಂಟ್ ಬಂದ ಮೇಲೆ ಒಂದು ಶುರುವಾಗಿ ಇನ್ನೊಂದು ಸುಮ್ಮನಿರುವುದುಂಟು. ಒಳಗಿನ ದೀಪ ನೋಡಿ ಸಮಾಧಾನ ಪಡಬೇಡಿ, ತಟ್ಟೆ ನೋಡಿ.

ಎರಡೂ ನಿಂತರೆ ಬಾಗಿಲು ತೆರೆಯಬೇಡಿ. ಮುಚ್ಚಿದ ಪೆಟ್ಟಿಗೆ ಸಾಕಷ್ಟು ಹೊತ್ತು ತಾಪ ಹಿಡಿದುಕೊಳ್ಳುತ್ತದೆ. ಹೆಚ್ಚು ಹೊತ್ತಾಗುವ ಹಾಗಿದ್ದರೆ ಬ್ಯಾಗುಗಳನ್ನು ಎಸಿ ಇರುವ ಕೋಣೆಯ ಮೇಜಿನ ಮೇಲೆ ಒಂದೇ ಪದರದಲ್ಲಿ ಹರಡಿ, ಆಗಾಗ ಕೈಯಲ್ಲಿ ಮೆಲ್ಲಗೆ ಮಗುಚಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಎಸಿಯ ಗಾಳಿ ನೇರ ಬ್ಯಾಗಿಗೆ ಬಡಿಯದಿರಲಿ. ನಿಂತ ಸಮಯ, ಶುರುವಾದ ಸಮಯ ಎರಡನ್ನೂ ಬರೆಯಿರಿ. ಒಟ್ಟು 24 ಗಂಟೆಯವರೆಗೆ ಅಲುಗಾಟ ತಪ್ಪಿದರೂ ಪ್ಲೇಟ್‌ಲೆಟ್ ತಡೆಯುತ್ತದೆ ಅಂತ ಅಮೆರಿಕದ ರಕ್ತ ಕೇಂದ್ರಗಳ ಸಂಘ ಎಎಬಿಬಿಯ ನಿಯಮ ಒಪ್ಪುತ್ತದೆ. ಅದು ಗಾಬರಿಯಾಗದಿರಲು ಹೇಳಿದ್ದು, ಬಳಸಿಕೊಳ್ಳಲು ಅಲ್ಲ. ತಾಪದ ವಿಷಯದಲ್ಲಿ ಅಂಥ ರಿಯಾಯಿತಿ ಇಲ್ಲ.

ಬೆಳಕಿಗೆ ಹಿಡಿದು ನೋಡುವುದು

ಮೆಷಿನ್ ಬೇಡದ ಒಂದು ಪರೀಕ್ಷೆ ಇದೆ. ಇದನ್ನು ಕಲಿತವರಿಗೆ ಈ ಕೆಲಸದಲ್ಲಿ ಖುಷಿ ಬರುತ್ತದೆ. ಬ್ಯಾಗನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ಮೆಲ್ಲಗೆ ಒತ್ತಿ, ತಿರುಗಿಸಿ. ಒಳ್ಳೆಯ ಪ್ಲೇಟ್‌ಲೆಟ್ ಆದರೆ ಒಳಗೆ ರೇಷ್ಮೆ ಸೀರೆಯ ನೆರಿಗೆ ಅಲುಗಿದ ಹಾಗೆ ಹೊಳಪಿನ ಸುರುಳಿಗಳು ಓಡುತ್ತವೆ. ಚಪ್ಪಟೆ ಬಿಲ್ಲೆಗಳು ಒಂದೇ ದಿಕ್ಕಿಗೆ ತಿರುಗಿ ಬೆಳಕನ್ನು ಚೆದುರಿಸುವುದರಿಂದ ಹಾಗೆ ಕಾಣುವುದು. ನಾವು ಸ್ವರ್ಲಿಂಗ್ ಅಂತೀವಿ. ಗುಂಡಗಾದ ಕಣಗಳಿಗೆ ದಿಕ್ಕಿಲ್ಲ. ಆಗ ಬ್ಯಾಗು ಮಂಕಾಗಿ, ಒಂದೇ ಸಮನೆ ಕಾಣುತ್ತದೆ. ಚಳಿ ತಾಗಿದ್ದರೂ, ಪಿಎಚ್ ಇಳಿದಿದ್ದರೂ, ಬ್ಯಾಕ್ಟೀರಿಯಾ ಹೊಕ್ಕಿದ್ದರೂ ಇದೇ ಕಾಣುವುದು. ಯಾವುದರಿಂದ ಅಂತ ಹೇಳಲಾಗದು, ಆದರೆ ಕೊಡಬಾರದು ಅಂತ ಗೊತ್ತಾಗುತ್ತದೆ. ಸ್ವರ್ಲಿಂಗ್ ಇದೆ ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ, ಅದೂ ನೆನಪಿರಲಿ.

ಜೊತೆಗೇ ಬಣ್ಣ ನೋಡಿ. ತಿಳಿ ಹಳದಿ ಇರಬೇಕು. ಗುಲಾಬಿ, ಕೆಂಪು ಇದ್ದರೆ ಪಿಆರ್‌ಪಿ ಒತ್ತುವಾಗ ಕ್ಲಾಂಪ್ ತಡವಾಗಿ ಬಿದ್ದಿದೆ ಅಂತ ಅರ್ಥ. ಬಿಳಿ ಗಂಟು, ದಾರದಂಥ ಎಳೆ, ಕಾರಣವಿಲ್ಲದ ಗುಳ್ಳೆ, ಊದಿದ ಬ್ಯಾಗು, ಸೀಲ್ ಹತ್ತಿರ ಜಿಗುಟು, ಇವುಗಳಲ್ಲಿ ಒಂದಿದ್ದರೂ ಪಕ್ಕಕ್ಕಿಟ್ಟು ಮೆಡಿಕಲ್ ಆಫೀಸರ್‌ಗೆ ತೋರಿಸಿ. ದಾನಿ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಪ್ಲಾಸ್ಮಾ ಸ್ವಲ್ಪ ಹಸಿರಾಗಿ ಕಾಣುವುದುಂಟು. ಅದನ್ನೂ ನೀವೇ ತೀರ್ಮಾನಿಸದೆ ಅವರಿಗೇ ತೋರಿಸಿ.

ತಿಂಗಳಿಗೊಮ್ಮೆ ಮಾಡುವ ಕ್ವಾಲಿಟಿ ಕಂಟ್ರೋಲ್ ಬೇರೆ: ಒಟ್ಟು ಬ್ಯಾಗುಗಳ ಶೇಕಡಾ 1 ಅಥವಾ ಕಡೇಪಕ್ಷ 4, ಅವುಗಳ ಎಣಿಕೆ, ಪಿಎಚ್, ಎಂಎಲ್. ಅದನ್ನು ಸೀನಿಯರ್‌ಗಳ ಜೊತೆ ಕೂತು ಕಲಿಯಿರಿ.

ಇಶ್ಯೂ ಮಾಡುವಾಗ, ಒಯ್ಯುವಾಗ, ಹಾಕುವಾಗ

ಐದು ದಿನ ಕಾದದ್ದು ಕೊನೆಯ ಅರ್ಧ ಗಂಟೆಯಲ್ಲಿ ಹಾಳಾಗುತ್ತದೆ. ನಾನು ಕಂಡಂತೆ ಹೆಚ್ಚು ಬ್ಯಾಗು ಕೆಡುವುದು ನಮ್ಮ ಬಾಗಿಲು ದಾಟಿದ ಮೇಲೆ.

ಪೇಷಂಟ್ ಕಡೆಯವರು ಥರ್ಮಾಕೋಲ್ ಡಬ್ಬಿ ಹಿಡಿದು, ಅದರಲ್ಲಿ ಜ್ಯೂಸ್ ಅಂಗಡಿಯ ಐಸ್ ತುಂಬಿಕೊಂಡು ಬರುತ್ತಾರೆ. ಯಾರೋ ಹೇಳಿ ಕಳಿಸಿರುತ್ತಾರೆ, ಅವರ ತಪ್ಪಲ್ಲ. ಅವರ ಎದುರೇ ಐಸ್ ಚೆಲ್ಲಿಸಿ, ಡಬ್ಬಿ ಒರೆಸಿ, ನಮ್ಮ ಜೆಲ್ ಪ್ಯಾಕ್ ಇಟ್ಟು ಕೊಡಿ. ಮಾತು ಸರಳವಾಗಿರಲಿ: "ಅಣ್ಣಾ, ಇದಕ್ಕೆ ಐಸ್ ಬೇಡ, ಫ್ರಿಜ್ ಬೇಡ, ಬಿಸಿಲು ಬೇಡ. ಬೈಕ್ ಟ್ಯಾಂಕ್ ಮೇಲೆ ಇಡಬೇಡಿ. ದಾರೀಲಿ ಟೀಗೆ ನಿಲ್ಲಬೇಡಿ. ಸೀದಾ ವಾರ್ಡಿಗೆ ಹೋಗಿ ಸಿಸ್ಟರ್ ಕೈಗೆ ಕೊಡಿ." ಜಗಳೂರು, ಹರಪನಹಳ್ಳಿ ಕಡೆ ಹೋಗುವವರಿಗೆ ಡಬ್ಬಿಯ ಮುಚ್ಚಳದ ಮೇಲೆ ಇದನ್ನೇ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಬಸ್ಸಿನಲ್ಲಿ ಹೋಗುವವರು ಡಬ್ಬಿಯನ್ನು ಎಂಜಿನ್ ಪಕ್ಕ ಇಡದಿರಲಿ.

ಸಿಸ್ಟರ್‌ಗಳಿಗೆ ಒಂದು ಮನವಿ. ಒಂದು ನರ್ಸಿಂಗ್ ಹೋಂನಿಂದ ಒಮ್ಮೆ ಎರಡು ಬ್ಯಾಗು ವಾಪಸ್ ಬಂದವು, ಡಾಕ್ಟರ್ ರೌಂಡ್ಸ್ ತಡವಾಯಿತು, ಅದಕ್ಕೆ ಫ್ರಿಜ್‌ನಲ್ಲಿ ಜೋಪಾನವಾಗಿ ಇಟ್ಟಿದ್ದೆವು ಅಂತ. ಬೆಳಕಿಗೆ ಹಿಡಿದರೆ ಮಂಕು. ಎರಡೂ ಕಸಕ್ಕೆ. ಬ್ಯಾಗು ತರಿಸುವ ಮೊದಲೇ ಐವಿ ಲೈನ್ ಹಾಕಿ, ಬಿಪಿ, ಜ್ವರ ನೋಡಿ, ಡಾಕ್ಟರ್ ಒಪ್ಪಿಗೆ ತಗೊಂಡು, ಆಮೇಲೆ ಆಳು ಕಳಿಸಿ. ಬಂದ ಅರ್ಧ ಗಂಟೆಯೊಳಗೆ ಶುರುಮಾಡಿ. ಫಿಲ್ಟರ್ ಇರುವ ಹೊಸ ಸೆಟ್ಟು ಬೇಕು. ಕೆಂಪು ರಕ್ತ ಹಾಕಿದ ಸೆಟ್ಟಿನಲ್ಲೇ ಪ್ಲೇಟ್‌ಲೆಟ್ ಬಿಟ್ಟರೆ ಅರ್ಧ ಅಲ್ಲೇ ಅಂಟಿಕೊಳ್ಳುತ್ತದೆ. ಲೈನಿಗೆ ನಾರ್ಮಲ್ ಸಲೈನ್ ಮಾತ್ರ. ವಾರ್ಮರ್ ಬೇಡ. ಡಾಕ್ಟರ್ ಬೇರೆ ಹೇಳದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಒಂದು ಡೋಸ್ ಮುಗಿಯುತ್ತದೆ, ಯಾವ ಕಾರಣಕ್ಕೂ 4 ಗಂಟೆ ದಾಟಬಾರದು. ಹಾಕುವಾಗ ಚಳಿ ಜ್ವರ ಬಂದು ಬಿಪಿ ಇಳಿದರೆ ನಿಲ್ಲಿಸಿ, ಡಾಕ್ಟರನ್ನು ಕರೆಯಿರಿ, ಬ್ಯಾಗನ್ನು ಎಸೆಯದೆ ಸೆಟ್ಟಿನ ಸಮೇತ ನಮಗೆ ಕಳಿಸಿ. ಬ್ಯಾಕ್ಟೀರಿಯಾ ಇತ್ತಾ ಅಂತ ನೋಡಲು ನಮಗೆ ಅದೊಂದೇ ದಾರಿ.

ಡೆಂಗ್ಯೂ ಕಾಲದ ಒತ್ತಡ

ಮಳೆ ಶುರುವಾದರೆ ನಮ್ಮ ಕಿಟಕಿಯ ಮುಂದೆ ಸಾಲು. 2024ರಲ್ಲಂತೂ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು. "ಬಿಳಿ ರಕ್ತ 40 ಸಾವಿರಕ್ಕೆ ಬಂದಿದೆ, ನಾಲ್ಕು ಬಾಟ್ಲಿ ಕೊಡಿ" ಅಂತ ಬರುತ್ತಾರೆ. ಪ್ಲೇಟ್‌ಲೆಟ್‌ಗೇ ಜನ ಬಿಳಿ ರಕ್ತ ಅನ್ನುವುದು. ಮಾಮೂಲಿ ಲೆಕ್ಕ 1.5 ಲಕ್ಷದಿಂದ 4 ಲಕ್ಷ, ಹಾಗಾಗಿ 40 ಸಾವಿರ ಅಂದರೆ ಮನೆಯವರಿಗೆ ಜೀವ ಹೋದ ಹಾಗಾಗುತ್ತದೆ. ಆದರೆ ರಕ್ತಸ್ರಾವ ಇಲ್ಲದ ಡೆಂಗ್ಯೂ ಪೇಷಂಟ್‌ಗೆ 10 ಸಾವಿರದ ತನಕ ಇಳಿದರೂ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಬೇಕಿಲ್ಲ. ಜ್ವರ ಇಳಿದು ಒಂದೆರಡು ದಿನಕ್ಕೆ ತಾನಾಗಿ ಏರುತ್ತದೆ. ಅಲ್ಲಿ ಜೀವ ಉಳಿಸುವುದು ಸರಿಯಾದ ಲೆಕ್ಕದಲ್ಲಿ ಕೊಡುವ ಡ್ರಿಪ್ಪು. ಒಂದು ಚಿಕ್ಕ ಬ್ಯಾಗು ದೊಡ್ಡವರಲ್ಲಿ 5ರಿಂದ 10 ಸಾವಿರ ಏರಿಸೀತು, ಡೆಂಗ್ಯೂನಲ್ಲಿ ಅದೂ ನಿಲ್ಲುವುದಿಲ್ಲ.

ಕೊಡಬೇಕೋ ಬೇಡವೋ ಅನ್ನುವುದು ನಮ್ಮ ತೀರ್ಮಾನವಲ್ಲ. ಕಿಟಕಿಯಲ್ಲಿ ನಿಂತು ಮನೆಯವರ ಜೊತೆ ವಾದಕ್ಕಿಳಿಯಬೇಡಿ. ಚೀಟಿಯಲ್ಲಿ ಎಣಿಕೆ ಮಾತ್ರ ಇದ್ದು ರಕ್ತಸ್ರಾವದ ಮಾತಿಲ್ಲದಿದ್ದರೆ ನಮ್ಮ ಮೆಡಿಕಲ್ ಆಫೀಸರ್‌ಗೆ ಹೇಳಿ, ಅವರು ಆ ಡಾಕ್ಟರ್ ಜೊತೆ ಮಾತಾಡುತ್ತಾರೆ. ಎಷ್ಟೋ ಸಲ ಆ ಒಂದು ಫೋನಿನಿಂದ ನಾಲ್ಕು ಬ್ಯಾಗು ಉಳಿದು, ಅದೇ ಸಂಜೆ ಕೀಮೋ ವಾರ್ಡಿಗೆ ಹೋಗಿವೆ.

ವಾರದ ಲೆಕ್ಕ

ತೆಗೆದ ದಿನವನ್ನು ಸೊನ್ನೆ ಅಂತ ಹಿಡಿಯಿರಿ. ಭಾನುವಾರದ ಕ್ಯಾಂಪಿನ ಬ್ಯಾಗು ಶುಕ್ರವಾರ ಮಧ್ಯರಾತ್ರಿಗೆ ಮುಗಿಯುತ್ತದೆ. ಟೆಸ್ಟ್ ರಿಪೋರ್ಟ್ ಬರುವಾಗ ಸೋಮವಾರ ಸಂಜೆ. ಅಂದರೆ ಕೊಡಲು ಸಿಗುವುದು ನಾಲ್ಕೇ ದಿನ. ಕ್ಯಾಂಪುಗಳೆಲ್ಲ ಭಾನುವಾರವೇ ಆಗುವುದರಿಂದ ಮಂಗಳವಾರ ತಟ್ಟೆ ತುಂಬಿರುತ್ತದೆ, ಶನಿವಾರ ಖಾಲಿ. ಡಾಕ್ಟರುಗಳು ಕೇಳುವುದು ಮಾತ್ರ ಶನಿವಾರ! ಕ್ಯಾಂಪ್ ಬೇಕು ಅಂತ ಬರುವ ಸಂಘದವರಿಗೆ ಬುಧವಾರ, ಗುರುವಾರ ಆಗುತ್ತಾ ಅಂತ ಕೇಳಿ ನೋಡಿ. ಕಾಲೇಜುಗಳು, ಬ್ಯಾಂಕಿನವರು ಒಪ್ಪುತ್ತಾರೆ. ಎಸ್‌ಡಿಪಿ ದಾನಿಗಳ ಫೋನ್ ಪಟ್ಟಿಯನ್ನೂ ಶನಿವಾರಕ್ಕೇ ಉಳಿಸಿಕೊಳ್ಳಿ. ಅವರ ಎಣಿಕೆ 1.5 ಲಕ್ಷಕ್ಕಿಂತ ಮೇಲಿರಬೇಕು, ಒಂದು ಸಲ ಕೊಟ್ಟ ಮೇಲೆ 48 ಗಂಟೆ ಬಿಡುವು ಬೇಕು. ಬಂದವರು ಒಂದೂವರೆ ಗಂಟೆ ಕೂರಬೇಕಾಗುತ್ತದೆ ಅಂತ ಫೋನಿನಲ್ಲೇ ಹೇಳಿಬಿಡಿ.

ಬೇಗ ಮುಗಿಯುವ ಬ್ಯಾಗು ಯಾವಾಗಲೂ ತಟ್ಟೆಯ ಮುಂದೆ. ಗುರುವಾರ ಬೆಳಿಗ್ಗೆ ಮುಂದಿನ ಸಾಲು ಇನ್ನೂ ಉಳಿದಿದ್ದರೆ ಬ್ಲಡ್ ಬ್ಯಾಂಕುಗಳ ಸರ್ಕಾರಿ ವೆಬ್‌ಸೈಟ್ ಇ-ರಕ್ತಕೋಶ್‌ನಲ್ಲಿ ಸ್ಟಾಕ್ ಸರಿಮಾಡಿ, ಚಿತ್ರದುರ್ಗ, ಶಿವಮೊಗ್ಗದ ಕೇಂದ್ರಗಳಿಗೆ ಫೋನ್ ಮಾಡಿ. ಉಳಿದದ್ದನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಕಳಿಸಲು ಅನುಮತಿ ಇದೆ. ಶುಕ್ರವಾರ ಸಂಜೆ ನೆನಪಾದರೆ ಯಾರೂ ತಗೊಳ್ಳುವುದಿಲ್ಲ.

ಅವಧಿ ಮುಗಿದ ಬ್ಯಾಗನ್ನು ಶನಿವಾರ ಬೆಳಿಗ್ಗೆ ಮೊದಲ ಕೆಲಸವಾಗಿ ತಟ್ಟೆಯಿಂದ ತೆಗೆಯಿರಿ. "ಇವತ್ತೊಂದು ದಿನ ಇರಲಿ, ಎಮರ್ಜೆನ್ಸಿಗೆ ಆಗುತ್ತೆ" ಅನ್ನುವವರು ಇರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು), ಹಳದಿ ಕವರಿಗೆ ಹಾಕಿ, ಡಿಸ್ಕಾರ್ಡ್ ರಿಜಿಸ್ಟರ್‌ನಲ್ಲಿ ಯೂನಿಟ್ ನಂಬರ್ ಮತ್ತು ಕಾರಣ ಬರೆದು ಇಬ್ಬರು ಸಹಿ ಮಾಡಿ. ಕಾರಣದ ಕಾಲಂನಲ್ಲಿ ಬರೀ "ಎಕ್ಸ್‌ಪೈರಿ" ಅಂತ ಬರೆಯದೆ, ಗುಂಪಿಗೆ ಬೇಡಿಕೆ ಇರಲಿಲ್ಲವೋ, ಕ್ಯಾಂಪ್ ದೊಡ್ಡದಾಯಿತೋ, ಫೋನ್ ಮಾಡುವುದು ತಡವಾಯಿತೋ, ಅದನ್ನೂ ಒಂದು ಸಾಲು ಬರೆಯಿರಿ. ಮುಂದಿನ ತಿಂಗಳು ಕ್ಯಾಂಪ್ ದಿನ ಗೊತ್ತುಮಾಡುವಾಗ ನಾವು ತೆರೆದು ನೋಡುವುದು ಆ ಕಾಲಂ.